ಟ್ಯಾಂಕಿನಲ್ಲಿ ನೀರು: ಮೊದಲು ಸ್ಯಾಂಪಲ್, ಆಮೇಲೆ ಕ್ಲೀನಿಂಗ್

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹ್ಯೂಮ್ ಹೈವೇಯಲ್ಲಿ ಸುಮಾರು 880 ಕಿ.ಮೀ. ಈಸ್ಟರ್ ರಜೆಗೆ ಅಣ್ಣನ ಮನೆಗೆ ಹೊರಟಿದ್ದೆವು. ಫ್ಯೂಯೆಲ್‌ಚೆಕ್ ನೋಡಿ, ಲೀಟರಿಗೆ 12 ಸೆಂಟ್ ಕಡಿಮೆ ಎಂದು ಒಂದು ಬಂಕಿನಲ್ಲಿ 60 ಲೀಟರ್ ಡೀಸೆಲ್ ಹಾಕಿಸಿದೆ. ಉಳಿದದ್ದು 7 ಡಾಲರ್ 20 ಸೆಂಟ್. ಮುಂದೆ ಎಂಜಿನ್ ಎಳೆಯಲಾರದೆ ತಡವರಿಸಿತು, ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನಲ್ಲಿ ನೀರಿದೆ ಎಂಬ ದೀಪ ಹತ್ತಿತು. ಕಾರನ್ನು ಟೋ ಮಾಡಿಸಿಕೊಂಡು ಹೋಲ್‌ಬ್ರೂಕ್ ಸೇರಿದೆವು. ಸಮುದ್ರದಿಂದ ಅಷ್ಟು ದೂರದಲ್ಲಿ, ಹುಲ್ಲುಹಾಸಿನ ಮೇಲೆ ಸಬ್‌ಮರೀನ್ ನಿಲ್ಲಿಸಿಕೊಂಡಿರುವ ಊರು ಅದು. ಅವತ್ತು ನೀರು ಇರಬೇಕಾದಲ್ಲಿ ಇರಲಿಲ್ಲ, ಇರಬಾರದಲ್ಲಿ ಇತ್ತು.

"ರೀ, ಬಿಲ್ ಎಲ್ಲಿ?" ಎಂದಳು ಹೆಂಡತಿ. ಫೋನ್ ತಾಗಿಸಿ, ರಸೀದಿ ಬೇಡ ಎಂದು ಒತ್ತಿ ಬಂದಿದ್ದೆ.

ಹೂಡಿಕೆಯ ರಿಸ್ಕ್ ಬಗ್ಗೆ ಇಲ್ಲಿ ಇಷ್ಟೆಲ್ಲಾ ಬರೆಯುವ ನಾನೇ ಹೀಗೆ. ನಮ್ಮವರು ಇಂಥ ಹೊತ್ತಿನಲ್ಲಿ ಮಾಡುವ ತಪ್ಪು ಎರಡು. ಒಂದು, ಅಂಗಡಿಯಿಂದ 20 ಡಾಲರಿನ ನೀರು ತೆಗೆಯುವ ಕೆಮಿಕಲ್ ಬಾಟಲಿ ತಂದು ಸುರಿಯುವುದು. ಟ್ಯಾಂಕಿನೊಳಗೆ ಹನಿಗಟ್ಟಿದ ನಾಲ್ಕಾರು ಚಮಚ ನೀರಿಗೆ ಅದು ಸರಿ, ಲೀಟರುಗಟ್ಟಲೆ ನೀರಿಗೆ ಅಲ್ಲ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ಇಂಧನ ಎಳೆಯುವ ಕೊಳವೆಯ ಬಾಯಿಯೂ ತಳದಲ್ಲೇ. ಕಾಮನ್ ರೈಲ್ ಎಂಜಿನ್‌ನಲ್ಲಿ ಹೈ ಪ್ರೆಶರ್ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲಿನದೇ ಜಿಡ್ಡು. ಆ ಜಾಗಕ್ಕೆ ನೀರು ಹೋದರೆ ಸವೆತ, ತುಕ್ಕು. ಸ್ಟಾರ್ಟ್ ಆಗುತ್ತದಾ ಎಂದು ಮತ್ತೆ ಮತ್ತೆ ಕೀ ತಿರುಗಿಸುವುದೂ ಅಷ್ಟೇ ದುಬಾರಿ.

ಎರಡನೆಯದು, ಟ್ಯಾಂಕ್ ಇಳಿಸಿ ಖಾಲಿ ಮಾಡಿಸಿ, ಸಾಕ್ಷಿಯನ್ನೂ ಅದರ ಜೊತೆಗೇ ಚೆಲ್ಲಿಬಿಡುವುದು. ನಮ್ಮ ಮೆಕ್ಯಾನಿಕ್ ಹಾಗೇ ಮಾಡುತ್ತಿದ್ದ. ಗಾಜಿನ ಜಾಡಿಯಲ್ಲಿ ಸ್ಯಾಂಪಲ್ ಹಿಡಿಸಿದ್ದು ನನ್ನವಳು. ಹತ್ತು ನಿಮಿಷಕ್ಕೆ ಮೇಲೆ ಡೀಸೆಲ್, ಕೆಳಗೆ ನೀರು, ನಡುವೆ ಗೆರೆ. ದಿನಾಂಕ ಕಾಣುವಂತೆ ಫೋಟೋ ತೆಗೆದು, ಕಾರಣ ಏನೆಂದು ಮೆಕ್ಯಾನಿಕ್ ಕೈಯಲ್ಲಿ ಬರೆಸಿಕೊಂಡೆವು. ಬ್ಯಾಂಕ್ ಸ್ಟೇಟ್‌ಮೆಂಟ್ ರಸೀದಿಯ ಕೆಲಸ ಮಾಡಿತು.

ಟ್ಯಾಂಕ್ ಕ್ಲೀನಿಂಗ್, ಲೈನ್ ಫ್ಲಶ್, ಹೊಸ ಫಿಲ್ಟರ್ ಸೇರಿ 950 ಡಾಲರ್. ಪಂಪ್, ಇಂಜೆಕ್ಟರ್ ಹೋಗಿದ್ದರೆ 9,000 ಆಗುತ್ತಿತ್ತಂತೆ. ನನ್ನ ಇನ್ಶೂರೆನ್ಸ್ ಪಾಲಿಸಿ ಇದನ್ನು ಕವರ್ ಮಾಡುವುದಿಲ್ಲ. ಆದರೆ 2011ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ ಪ್ರಕಾರ ಮಾರಿದ ಸರಕು ಸರಿಯಾದ ಗುಣಮಟ್ಟದ್ದಿರಬೇಕು. ಇಲ್ಲದಿದ್ದರೆ ಅದರಿಂದಾಗುವ, ಮೊದಲೇ ಊಹಿಸಬಹುದಾದ ನಷ್ಟವನ್ನೂ ಮಾರಿದವರಿಂದ ಕೇಳಬಹುದು. ಬಗ್ಗದಿದ್ದರೆ ನ್ಯೂ ಸೌತ್ ವೇಲ್ಸ್‌ನಲ್ಲಿ ಫೇರ್ ಟ್ರೇಡಿಂಗ್, ವಿಕ್ಟೋರಿಯಾದಲ್ಲಿ ಕನ್ಸ್ಯೂಮರ್ ಅಫೇರ್ಸ್.

ಬಂಕಿಗೆ ಇಮೇಲ್ ಮಾಡಿದೆ. ಮೊದಲು ಮೌನ, ಆಮೇಲೆ ಜಾಡಿಯ ಫೋಟೋ ಕಳಿಸಿದ ಮೇಲೆ 950 ಬಂತು. ಟೋ ಖರ್ಚು, ಎರಡು ರಾತ್ರಿಯ ಮೋಟೆಲ್ ಬಿಲ್ ನಾನು ಕೇಳಲೇ ಇಲ್ಲ, ಹೋಗಲಿ ಎಂದು ಸಂಕೋಚದಲ್ಲಿ ಬಿಟ್ಟೆ. 560 ಡಾಲರ್. ಈಗಲೂ ಉರಿಯುತ್ತದೆ.