ಡೇವಿಸ್ ಕೋಟೆಯ ಉಗ್ರಾಣದ ಲೆಕ್ಕ

ಕಚೇರಿಯಲ್ಲಿ ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ನಮಗೆ ಯುದ್ಧದ ಕಥೆಗಳಲ್ಲೂ ಕತ್ತಿಗಿಂತ ಖಾತೆಪುಸ್ತಕದ ಮೇಲೆಯೇ ಕಣ್ಣು. ವಾಚಕರು ಸೈರಿಸಬೇಕು, ಈ ಸಲದ್ದೂ ಅಂಥದೊಂದು ಕಥೆ.

ಅಮೆರಿಕದಲ್ಲಿ ಗುಲಾಮಗಿರಿ ಅಳಿದ ಮರುವರ್ಷ, 1866ರಲ್ಲಿ, ಕರಿಯ ಸಿಪಾಯಿಗಳದೇ ಆದ ಎರಡು ಅಶ್ವದಳಗಳು ಹುಟ್ಟಿದವು. 9ನೆಯದು ಮತ್ತು 10ನೆಯದು. ಸಂಬಳ ತಿಂಗಳಿಗೆ 13 ಡಾಲರು, ಮೇಲಧಿಕಾರಿಗಳು ಬಿಳಿಯರು. ಜನ ಇವರನ್ನು ‘ಕಾಡೆಮ್ಮೆ ಸಿಪಾಯಿಗಳು’ ಎಂದು ಕರೆದರು. 1867ರಲ್ಲಿ 9ನೆಯ ದಳ ಪಶ್ಚಿಮ ಟೆಕ್ಸಾಸಿನ ಡೇವಿಸ್ ಕೋಟೆಗೆ ಬಂದಾಗ ಅದು ಪಾಳುಬಿದ್ದಿತ್ತು. ಕೋಟೆಯೆಂಬ ಹೆಸರೇ ಹೊರತು ಸುತ್ತುಗೋಡೆಯಿಲ್ಲ. ಬೆಟ್ಟದ ಮಗ್ಗುಲಲ್ಲಿ ಹಸಿ ಇಟ್ಟಿಗೆಯ ಮನೆಗಳು, ಅಷ್ಟೆ. ಮನೆ ಕಟ್ಟುವುದು, ಟಪಾಲುಗಾಡಿ ಕಾಯುವುದು, ಅಪಾಚೆಗಳನ್ನು ಬೆನ್ನಟ್ಟುವುದು, ಎಲ್ಲವೂ ಇವರ ಪಾಲಿಗೆ ಬಂತು. ಬಿಡುಗಡೆ ಕಂಡ ಹೊಸತರಲ್ಲೇ ಇನ್ನೊಬ್ಬರ ನೆಲ ಕಸಿಯುವ ಕೆಲಸಕ್ಕೆ ಕುದುರೆ ಏರಬೇಕಾಯಿತಲ್ಲ ಎಂದು ನಮಗೆ ಕಸಿವಿಸಿಯಾಗದೆ ಇಲ್ಲ.

ಈ ಕೋಟೆಗೆ 1880ರಲ್ಲಿ ಬಂದವನು ಹೆನ್ರಿ ಫ್ಲಿಪ್ಪರ್, 10ನೆಯ ಅಶ್ವದಳದ ಲೆಫ್ಟಿನೆಂಟ್. ಹುಟ್ಟಿದ್ದು ಗುಲಾಮನಾಗಿ, ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ 1877ರಲ್ಲಿ ತೇರ್ಗಡೆಯಾದ ಮೊದಲ ಕರಿಯ. ಇಲ್ಲಿಗೆ ಬರುವ ಮುಂಚೆ ಸಿಲ್ ಕೋಟೆಯಲ್ಲಿ ನಿಂತ ನೀರಿಗೆ ಕಾಲುವೆ ತೋಡಿಸಿ ಮಲೇರಿಯಾ ತಗ್ಗಿಸಿದ್ದ. ಇಲ್ಲಿ ಉಗ್ರಾಣದ ಹೊಣೆ ಹೆಗಲಿಗೆ ಬಿತ್ತು. ಹಣ ಇಡುತ್ತಿದ್ದುದು ತನ್ನ ಬಿಡಾರದ ಪೆಟ್ಟಿಗೆಯಲ್ಲಿ!

1881ರಲ್ಲಿ ಲೆಕ್ಕ ತಾಳೆಬೀಳಲಿಲ್ಲ. ಹೆದರಿದ ಫ್ಲಿಪ್ಪರ್ ಕೊರತೆಯನ್ನು ಮುಚ್ಚಿಟ್ಟ. ಹಣ ಮೇಲಕ್ಕೆ ಕಳಿಸಿದ್ದೇನೆಂದು ಕರ್ನಲ್ ಶಾಫ್ಟರನಿಗೆ ಸುಳ್ಳು ಹೇಳಿದ. ನಮ್ಮ ಕೆಲಸದಲ್ಲಿರುವವರಿಗೆ ಗೊತ್ತು, ಕೊರತೆಗಿಂತ ಅದನ್ನು ಮುಚ್ಚುವ ಸುಳ್ಳೇ ಕೊರಳಿಗೆ ಉರುಳು. 3,791 ಡಾಲರು 77 ಸೆಂಟು ನುಂಗಿದನೆಂದು ಆರೋಪ. ಅಧಿಕಾರಿಯೆಂಬುದನ್ನೂ ನೋಡದೆ ಕಾವಲುಮನೆಯಲ್ಲಿ ಕೂಡಿದರು. ಊರಿನ ವರ್ತಕರು, ಸ್ನೇಹಿತರು ಕೈಯಿಂದ ಹಾಕಿ ಕೊರತೆಯನ್ನು ತುಂಬಿಕೊಟ್ಟರು.

ಸೈನಿಕ ನ್ಯಾಯಾಲಯವು ಹಣ ನುಂಗಿದ ಆರೋಪದಿಂದ ಆತನನ್ನು ಬಿಡುಗಡೆ ಮಾಡಿತು. ಆದರೆ ಅಧಿಕಾರಿಗೆ ಸಲ್ಲದ ನಡತೆಗಾಗಿ ವಜಾ ಮಾಡಬೇಕೆಂದಿತು. ಶಿಕ್ಷೆ ಹೆಚ್ಚಾಯಿತೆಂದು ಸೈನ್ಯದ ಮುಖ್ಯ ನ್ಯಾಯಾಧಿಕಾರಿಯೇ ಬರೆದ. ಆದರೂ ಅಧ್ಯಕ್ಷ ಆರ್ಥರ್ 1882ರಲ್ಲಿ ಅದಕ್ಕೆ ಸಹಿ ಹಾಕಿದ.

ಫ್ಲಿಪ್ಪರ್ ಎದೆಗುಂದಲಿಲ್ಲ. ಭೂಮಾಪನ, ಎಂಜಿನಿಯರಿಂಗು ಹಿಡಿದು ಹೆಸರು ಮಾಡಿದ. ಮುಂದೆ ವಾಷಿಂಗ್ಟನ್ನಿನಲ್ಲಿ ಒಳಾಡಳಿತ ಕಾರ್ಯದರ್ಶಿಗೆ ಸಹಾಯಕನೂ ಆದ. ಆದರೆ ಸೈನ್ಯದ ಕಡತದಲ್ಲಿನ ಕಲೆ ತೊಳೆಯಲು ಕಾಂಗ್ರೆಸ್ಸಿಗೆ ಹಾಕಿಸಿದ ಅರ್ಜಿಗಳೆಲ್ಲ ಬಿದ್ದುಹೋದವು. 1940ರಲ್ಲಿ ತೀರಿಕೊಂಡ.

1976ರಲ್ಲಿ ಸೈನ್ಯವು ‘ವಜಾ’ ಎಂಬುದನ್ನು ತಿದ್ದಿ ಗೌರವದ ಬಿಡುಗಡೆಯೆಂದು ಬರೆಯಿತು. 1999ರ ಫೆಬ್ರವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮಾಪತ್ರಕ್ಕೆ ಸಹಿ ಹಾಕಿದರು. ಒಂದು ಕಡತ ವಿಲೇವಾರಿಯಾಗಲು 117 ವರ್ಷ.