ನವೀಕರಣವಾಗುತ್ತಿರುವುದು ನಿರುದ್ಯೋಗ ಮಾತ್ರ

ಹಾವೇರಿ: ಉದ್ಯೋಗ ವಿನಿಮಯ ಕಚೇರಿಯ ನೋಂದಣಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಿ, ಸಂದರ್ಶನ ಪತ್ರಕ್ಕಾಗಿ ಕಾಯುವುದು ಹಿಂದಿನ ತಲೆಮಾರಿನ ಪದವೀಧರರ ಪಾಡಾಗಿತ್ತು. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವಾ ಜಾಲತಾಣದಲ್ಲಿ ಅಭ್ಯರ್ಥಿಯು ತನ್ನ ವಿವರವನ್ನು ತಾನೇ ಉಚಿತವಾಗಿ ತಿದ್ದಿಕೊಳ್ಳಬಹುದು.

ಆದರೆ ಜಿಲ್ಲೆಯ ಯುವಜನರಿಗೆ ಹೆಚ್ಚು ಪರಿಚಿತವಾದ ನವೀಕರಣ ಬೇರೆಯೇ ಇದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಡಿ ಪದವೀಧರರಿಗೆ ಮಾಸಿಕ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ಭತ್ಯೆಯುಂಟು, ಗರಿಷ್ಠ ಅವಧಿ ಎರಡು ವರ್ಷ. ಅದು ನಿಲ್ಲದಿರಬೇಕಾದರೆ ಉದ್ಯೋಗವಿಲ್ಲ, ಉನ್ನತ ವ್ಯಾಸಂಗದಲ್ಲೂ ಇಲ್ಲ ಎಂದು ಸ್ವಯಂ ಘೋಷಣೆ ಸಲ್ಲಿಸುತ್ತಿರಬೇಕು. ಈ ನಡುವೆ ಕಲಿತದ್ದೇನು ಎಂಬುದು ಆ ಘೋಷಣೆಯ ವಿಷಯವಲ್ಲ.

ಕಲಿಯಲು ಅವಕಾಶವಿಲ್ಲವೆಂದಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಇ-ಟೆಂಡರ್ ಬಂದಿದೆ, ಪಟ್ಟಣದ ಸುತ್ತ ಶೀತಲಗೃಹಗಳು ಎದ್ದಿವೆ. ಅಲ್ಲಿ ಹಂಗಾಮಿನಲ್ಲಿ ಲೆಕ್ಕ ಬರೆದ, ಇಲ್ಲವೇ ರಾಣೆಬೆನ್ನೂರಿನ ಬೀಜ ವ್ಯಾಪಾರದಲ್ಲಿ ದಾಸ್ತಾನು ನೋಡಿಕೊಂಡ ಯುವಕನ ವಿವರದಲ್ಲಿ ‘ಬಿ.ಕಾಂ.’ ಎಂದಷ್ಟೇ ಉಳಿದರೆ ಹುಬ್ಬಳ್ಳಿಯ ಉದ್ಯೋಗದಾತ ಅವನನ್ನು ಹೇಗೆ ಗುರುತಿಸಬೇಕು? ದುಡಿಮೆಯನ್ನು ದಾಖಲಿಸಿದರೆ ಭತ್ಯೆ ಕೈತಪ್ಪೀತೆಂಬ ಅಳುಕೂ ಇದ್ದೀತು, ಅದು ಸಹಜವೇ. ಆದರೆ ಯೋಜನೆಯ ಆರಂಭದಲ್ಲೇ ಭತ್ಯೆ ಪಡೆಯತೊಡಗಿದವರಿಗೆ ಎರಡು ವರ್ಷ ತುಂಬುವುದು 2026ರ ಜನವರಿಯಲ್ಲಿ. ಅಲ್ಲಿಂದಾಚೆಗೆ ಘೋಷಣೆಯೂ ಬೇಕಿಲ್ಲ, ಹಣವೂ ಇಲ್ಲ. ಕೈಯಲ್ಲುಳಿಯುವುದು 2023ರ ಅಂಕಪಟ್ಟಿ.