ಯಂತ್ರದ ದಿನಚರಿಗೆ ಕನ್ನಡದ ಕೈಪಿಡಿ

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನಾರಂಭಿಸಿದಂದಿನಿಂದ, ಯಂತ್ರದ ನಡೆಯನ್ನು ದಿನದಿನವೂ ಬರೆದಿಡುವುದರ ಮಹತ್ತ್ವವನ್ನು ಆ ಊರಿನ ಶ್ರಮಿಕರಿಗೆ ಯಾರೂ ಬೋಧಿಸಬೇಕಾಗಿಲ್ಲ. ಗಣಕಯಂತ್ರವೂ ತನ್ನ ದಿನಚರಿಯನ್ನು ತಾನೇ ಬರೆಯುತ್ತದೆ. ಯಾರು ಪ್ರವೇಶಿಸಿದರು, ಯಾರ ಗುಪ್ತಪದ ತಪ್ಪಿತು, ಯಾವ ಸೇವೆ ಸ್ಥಗಿತವಾಯಿತು ಎಂಬುದೆಲ್ಲ ಲಾಗ್ ಕಡತಗಳಲ್ಲಿ ಸಹಸ್ರಾರು ಸಾಲುಗಳಾಗಿ ಸಂಚಯವಾಗುತ್ತದೆ. ಅವುಗಳನ್ನೋದಿ, ಹಿಂದಿನ ದಿನದ ಸಾರವನ್ನು ವರದಿಯಾಗಿ ಒಪ್ಪಿಸುವ ಮುಕ್ತ ತಂತ್ರಾಂಶವೇ ಲಾಗ್‌ವಾಚ್.

ಶಿವಮೊಗ್ಗೆಯ ಸಣ್ಣ ಕಚೇರಿಯೊಂದರಲ್ಲಿ ಸರ್ವರಿನ ಹೊಣೆ ಹೊತ್ತ ತರುಣನು ಇದರ ಕೈಪಿಡಿಯನ್ನರಸಿ ಅಂತರ್ಜಾಲದಲ್ಲೆಲ್ಲ ಅಲೆಯುತ್ತಾನೆ. ಅದಾದರೋ ಸಾಮಾನ್ಯವಾಗಿ ಅವನ ಯಂತ್ರದೊಳಗೇ, 'ಮ್ಯಾನ್' ಎಂಬ ಆದೇಶದ ಹಿಂದೆ ಮತ್ತು 'ಡಾಕ್' ಎಂಬ ಕೋಶದಲ್ಲಿ, ಸುಪ್ತವಾಗಿರುತ್ತದೆ. ವಿವರ ಎಷ್ಟಿರಬೇಕು, ಯಾವ ದಿನದ್ದಿರಬೇಕು ಎಂಬುದನ್ನು ಗೊತ್ತುಪಡಿಸುವ ಕ್ರಮವೂ, ಮೂಲ ಸಂರಚನೆಯನ್ನು ಮುಟ್ಟದೆ ನಮ್ಮ ಮಾರ್ಪಾಟುಗಳನ್ನು 'ಇಟಿಸಿ' ಕೋಶದಲ್ಲಿರಿಸಬೇಕೆಂಬ, ಎಷ್ಟೋ ಅನರ್ಥಗಳನ್ನು ತಪ್ಪಿಸಬಲ್ಲ ಸೂಚನೆಯೂ ಅಲ್ಲಿವೆ. ಆದರೆ ಆ ಬರಹ ಇಂಗ್ಲಿಷಿನಲ್ಲಿದೆ. ಅದಕ್ಕಿಂತ ಮಿಗಿಲಾದ ತೊಡಕೆಂದರೆ, ಬಲ್ಲವರು ಬಲ್ಲವರಿಗಾಗಿಯೇ ಬರೆದುದು ಅದು.

ಈ ಕೊರತೆಯನ್ನು ನೀಗಲು ನಾವು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ, ಏಕೆಂದರೆ ಮುಕ್ತ ತಂತ್ರಾಂಶದ ಪರವಾನಗಿಯೇ ಪ್ರತಿಮಾಡುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನಿತ್ತಿದೆ. ವಿಜ್ಞಾನವು ಕನ್ನಡದಲ್ಲಿ ಬೆಳೆಯಬೇಕೆಂದು ಪ್ರತಿಪಾದಿಸಿದ ಕವಿಯ ಹೆಸರನ್ನು ಧರಿಸಿ, 1987ರಲ್ಲಿ ಸ್ಥಾಪಿತವಾದ ಶಂಕರಘಟ್ಟದ ವಿಶ್ವವಿದ್ಯಾನಿಲಯವೂ, ಶಿವಮೊಗ್ಗೆಯ ತಾಂತ್ರಿಕ ವಿದ್ಯಾಲಯಗಳೂ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಇಂತಹ ಒಂದೊಂದು ಉಪಕರಣದ ಕೈಪಿಡಿಯನ್ನು ಕನ್ನಡದಲ್ಲಿ ರಚಿಸುವ ಕಾರ್ಯವನ್ನು ವಹಿಸಲಿ. ಅದಕ್ಕೆ ಅಂಕಗಳನ್ನೂ ಕೊಡಲಿ. ಹಾಗೆ ರಚಿತವಾದುದನ್ನು, ಭದ್ರಾವತಿಯ ಕಾರ್ಮಿಕರ ಮಗಳೊಬ್ಬಳು ಮೊದಲು ಓದಿ, ತನ್ನ ಯಂತ್ರದಲ್ಲಿ ಪ್ರಯೋಗಿಸಿ, ಅರ್ಥವಾಗದ ಸಾಲುಗಳಿಗೆ ಗುರುತು ಹಾಕಿಕೊಡಲಿ.